ಕೇಳದವರಿಗೆ ಸೂತಕವಿಲ್ಲ

ಕಾಪು
ಸೆಪ್ಟೆಂಬರ್ 18, ಗುರುವಾರ

ಚಿ. ಸಮೀಕ್ಷಾಳಿಗೆ ಅಮ್ಮನ ಆಶೀರ್ವಾದ.

ನಾವು ಕ್ಷೇಮ, ನೀನೂ ಕ್ಷೇಮವೆಂದು ನಂಬಿದ್ದೇನೆ ಎಂದು ಶುರು ಮಾಡುವುದು ಪದ್ಧತಿ. ನೀನು ಕ್ಷೇಮವೋ ಅಲ್ಲವೋ ನನಗೆ ಗೊತ್ತಿಲ್ಲ. ಇಪ್ಪತ್ತು ದಿನಗಳಿಂದ ನೀನು ನನ್ನ ಫೋನ್ ಎತ್ತುತ್ತಿಲ್ಲ. ರಘುವೀರ ಮಾವನಿಗೆ ಮಾಡಿದರೆ, ಊಟ ಮಾಡಿದ್ದಾಳೆ ಅಕ್ಕ, ಕಾಲೇಜಿಗೆ ಹೋಗಿದ್ದಾಳೆ ಅಕ್ಕ ಎಂದು ಎರಡು ಮಾತು ಹೇಳಿ ಇಟ್ಟುಬಿಡುತ್ತಾನೆ. ಒಡಹುಟ್ಟಿದವನೂ ನಿನ್ನ ಪಕ್ಷ ಸೇರಿದ ಹಾಗೆ ಕಾಣುತ್ತದೆ. ಅದಕ್ಕೇ ಈ ಕಾಗದ. ತುಳುವಿನಲ್ಲಿ ಬೈದು ತುಳುವಿನಲ್ಲಿ ಮುದ್ದು ಮಾಡಿದ ಮಗಳಿಗೆ ಕನ್ನಡದಲ್ಲಿ ಬರೆಯಲು ಕೂತರೆ ಹೆಡ್‌ಮಾಸ್ಟರರಿಗೆ ರಜಾ ಅರ್ಜಿ ಬರೆದ ಹಾಗಾಗುತ್ತದೆ. ಆದರೂ ಓದು. ಹರಿದು ಹಾಕುವುದಿದ್ದರೆ ಓದಿದ ಮೇಲೆ ಹರಿ.

ನಾಳೆ ಬೆಳಿಗ್ಗೆ ಶಿರ್ವದ ಮೇಲೆ ಕಾರ್ಕಳಕ್ಕೆ ಹೋಗುವ ಬಸ್ಸಿನ ಕಂಡಕ್ಟರನ ಕೈಯಲ್ಲಿ ಇದನ್ನು ಕೊಡುತ್ತೇನೆ, ಉಪ್ಪಿನಕಾಯಿ ಡಬ್ಬಿಯ ಜೊತೆಗೆ. ಮಾವ ಬಸ್‌ಸ್ಟ್ಯಾಂಡಿನಿಂದ ತರುತ್ತಾನೆ. ಉಪ್ಪಿನಕಾಯಿಯ ಮೇಲೆ ಸಿಟ್ಟು ತೋರಿಸಬೇಡ. ಅದು ಅಜ್ಜಿಯ ಮನೆಯ ಮರದ ಮಿಡಿ, ಏಪ್ರಿಲಿನಲ್ಲಿ ಅವರೇ ಉಪ್ಪಿಗೆ ಹಾಕಿ ಕಳುಹಿಸಿದ್ದು. ಇನ್ನು ಅವರ ಕೈಯ ಮಿಡಿ ಬರುವುದಿಲ್ಲ.

ನಡೆದದ್ದನ್ನು ನೀನು ಪಕ್ಕದ ಮನೆಯ ತೆರೆಸಾ ಬಾಯಿ ಹೇಳಿ ತಿಳಿದುಕೊಂಡೆ, ಅದೂ ಅಜ್ಜಿಯ ಅಂಗಳದಲ್ಲಿ, ಹತ್ತು ಜನರ ಎದುರು. ಈಗ ನನ್ನಿಂದ ಒಂದು ಸಲ ಕೇಳು.

ಆ ವಾರ ನಿನಗೆ ಎರಡು ಕಡೆ ಸೀಟು ಇತ್ತು. ಕಾರ್ಕಳದ ಕಾಲೇಜಿನ ಬಿ.ಎಸ್ಸಿ. ಪಟ್ಟಿಯಲ್ಲಿ ಮೊದಲೇ ಹೆಸರು ಬಂದಿತ್ತು. ಆಮೇಲೆ ಸಿಇಟಿಯ ಎರಡನೇ ಸುತ್ತಿನಲ್ಲಿ ಬೀದರಿನ ಪಶುವೈದ್ಯಕೀಯ ಕಾಲೇಜು ಬಂತು. ಬೀದರ್ ಎಂದು ಮೊಬೈಲಿನಲ್ಲಿ ಕಂಡಾಗ ನೀನು ಕೂಗಲಿಲ್ಲ, ಕುಣಿಯಲಿಲ್ಲ. ನೆಲದ ಮೇಲೆ ಕೂತು ಎರಡೂ ಕೈಯಿಂದ ಮುಖ ಮುಚ್ಚಿಕೊಂಡೆ. ಒಂಬತ್ತನೇ ಕ್ಲಾಸಿನಲ್ಲಿ, ಅಜ್ಜಿಯ ಕೊಟ್ಟಿಗೆಯಲ್ಲಿ ಕೆಂಪಿಯ ಹೊಟ್ಟೆಯಲ್ಲಿ ಕರು ಅಡ್ಡವಾದಾಗ, ಡಾಕ್ಟರು ಬರುವವರೆಗೆ ದನದ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತವಳು ನೀನು. ಅಂದಿನಿಂದ ದನದ ಡಾಕ್ಟರು ಬಿಟ್ಟು ಬೇರೆ ಮಾತೇ ನಿನ್ನ ಬಾಯಲ್ಲಿ ಇರಲಿಲ್ಲ. ಅಪ್ಪ ಕೂಡ, ದೇವಸ್ಥಾನದ ಭಟ್ರ ಮಗಳು ದನದ ಡಾಕ್ಟರಾದರೆ ಗೋಪೂಜೆಗೆ ಬೇರೆ ಜನ ಬೇಡ ಎಂದು ನಕ್ಕಿದ್ದರು. ಅಪ್ಪ ನಗುವುದು ವರ್ಷಕ್ಕೆ ಎರಡು ಸಲ, ಅದರಲ್ಲಿ ಒಂದು ಅದು.

ಆದರೆ ಜೂನಿನಲ್ಲಿ ಅಜ್ಜಿ ಅದೇ ಕೊಟ್ಟಿಗೆಯಲ್ಲಿ ಜಾರಿಬಿದ್ದು ಸೊಂಟ ನೋಯಿಸಿಕೊಂಡಿದ್ದರು. ಮಾವ ಬೆಳಿಗ್ಗೆ ಗೇರುಬೀಜದ ಫ್ಯಾಕ್ಟರಿಗೆ ಹೋದರೆ ಬರುವುದು ಸಂಜೆ. ನಿನಗೆ ಐದು ವರ್ಷವಾಗುವವರೆಗೆ ನಿನ್ನನ್ನು ಸಾಕಿದ್ದು ಅಜ್ಜಿ. ನೀನು ಎರಡು ದಿನ ಊಟ ಸರಿಯಾಗಿ ಮಾಡದೆ ಓಡಾಡಿದೆ. ಮೂರನೇ ದಿನ ನನ್ನ ಹತ್ತಿರ ಬಂದು ಹೇಳಿದೆ, ಅಜ್ಜಿ ಇರುವವರೆಗೆ ನಾನು ಕಾರ್ಕಳದಲ್ಲೇ ಇರುತ್ತೇನೆ, ಅಲ್ಲಿಂದಲೇ ಬಿ.ಎಸ್ಸಿ. ಓದುತ್ತೇನೆ, ಅವರಿಗೆ ಮಾತ್ರೆ ಕೊಟ್ಟು ಕೆಂಪಿಯನ್ನು ನೋಡಿಕೊಳ್ಳುತ್ತೇನೆ ಎಂದು. ಹೇಳಿದ ಮೇಲೆ ಅತ್ತೆ. ಹಾಗಾಗಿ ಅದು ಪೂರ್ತಿ ತೀರ್ಮಾನವಲ್ಲ ಎಂದು ನನಗೆ ಗೊತ್ತಾಯಿತು.

ಶುಕ್ರವಾರ ಮಧ್ಯಾಹ್ನ ಹನ್ನೆರಡಕ್ಕೆ ಕೊನೆ. ಅಷ್ಟರೊಳಗೆ ಸೈಟಿನಲ್ಲಿ ಒಂದು ಒತ್ತಬೇಕು, ಇಲ್ಲವೇ ನಾಲ್ಕು. ಒಂದು ಎಂದರೆ ಸೀಟು ಬೇಕು, ಹೋಗುತ್ತೇನೆ. ನಾಲ್ಕು ಎಂದರೆ ಬೇಡ, ನನ್ನ ಹೆಸರೇ ತೆಗೆಯಿರಿ. ನಡುವಿನ ಎರಡು ಮತ್ತು ಮೂರು ಇನ್ನೂ ಒಳ್ಳೆಯದಕ್ಕೆ ಕಾಯುವವರಿಗೆ. ಮಣಿಪಾಲದಲ್ಲಿ ಕಂಪ್ಯೂಟರ್ ಅಂಗಡಿ ಇಟ್ಟ ಎಡ್ವಿನ್ ಇದನ್ನು ನಮಗೆ ಚೀಟಿಯಲ್ಲಿ ಬರೆದು ಕೊಟ್ಟಿದ್ದ. ಆ ಚೀಟಿ ಈಗಲೂ ಫ್ರಿಜ್ಜಿನ ಬಾಗಿಲಲ್ಲಿ ಉಂಟು. ತೆಗೆಯಲು ಹೋದವಳು ಎರಡು ಸಲ ಹಾಗೆಯೇ ಬಿಟ್ಟು ಬಂದೆ.

ಶುಕ್ರವಾರ ಬೆಳಿಗ್ಗೆ ಆರು ನಲವತ್ತಕ್ಕೆ ನಾನು ಜಗಲಿಯಲ್ಲಿ ಕೂತು ದೇವಿಯ ಹೂವಿನ ಪೂಜೆಗೆ ಮಲ್ಲಿಗೆ ಕಟ್ಟುತ್ತಿದ್ದೆ. ಮಾವನ ಫೋನ್ ಬಂತು. ಅಕ್ಕ, ಅಮ್ಮ ಹೋದರು ಎಂದ. ರಾತ್ರಿ ಮಲಗಿದವರು ಬೆಳಿಗ್ಗೆ ಏಳಲಿಲ್ಲ, ಅಷ್ಟೇ. ನನ್ನ ತಾಯಿ ಹೋದರು, ಮಗಾ. ಆ ಹೊತ್ತಿನಲ್ಲಿ ನನಗೆ ಮೊದಲು ಬಂದ ಯೋಚನೆ ಅಳುವಿನದ್ದಲ್ಲ. ನಿನ್ನ ಹನ್ನೆರಡು ಗಂಟೆಯದ್ದು.

ನಮ್ಮಲ್ಲಿ ಸುದ್ದಿ ಕಿವಿಗೆ ಬಿದ್ದ ಗಳಿಗೆಯಿಂದ ಸೂತಕ. ಕೇಳದವರಿಗೆ ಇಲ್ಲ. ಮಾವನ ಉಪನಯನದ ದಿನ ಉಡುಪಿಯ ದೊಡ್ಡಪ್ಪ ತೀರಿಹೋದ ಸುದ್ದಿಯನ್ನು ಊಟದ ಎಲೆ ಎತ್ತುವವರೆಗೆ ಅಜ್ಜಿಯೇ ಸೆರಗಿನಲ್ಲಿ ಕಟ್ಟಿಟ್ಟುಕೊಂಡಿದ್ದರು. ಅವರಿಂದ ಕಲಿತದ್ದನ್ನು ಅವರ ಸಾವಿಗೇ ಉಪಯೋಗಿಸಿದೆ. ಮಧ್ಯಾಹ್ನದವರೆಗೆ ನಮ್ಮ ಮನೆಯಲ್ಲಿ ಬೇರೆ ಯಾರಿಗೂ ಫೋನ್ ಮಾಡಬೇಡ ಎಂದು ಮಾವನಿಗೆ ಹೇಳಿದೆ. ಅಪ್ಪನಿಗೆ ತಿಳಿದರೆ ಗರ್ಭಗುಡಿಗೆ ಹೋಗುವ ಹಾಗಿಲ್ಲ, ಶುಕ್ರವಾರದ ಪೂಜೆ ನಿಲ್ಲುತ್ತದೆ. ನಿನಗೆ ತಿಳಿದರೆ ಸೂತಕದಲ್ಲಿ ಹೊಸ ಕೆಲಸ ಬೇಡ ಎಂದು ಅಪ್ಪ ನಿನ್ನನ್ನೂ ತಡೆಯುತ್ತಾರೆ, ಗಂಟೆ ಹನ್ನೆರಡಾಗುತ್ತದೆ, ಬೀದರ್ ಹೋಗುತ್ತದೆ. ನನ್ನ ಲೆಕ್ಕ ಅದು. ಮಾವ ಆಯಿತು ಎಂದ.

ಆದರೆ ನಾನು ಕೇಳಿಬಿಟ್ಟಿದ್ದೆನಲ್ಲ. ನಾನು ಹೂ ಮುಟ್ಟುವ ಹಾಗಿಲ್ಲ, ದೀಪ ಮುಟ್ಟುವ ಹಾಗಿಲ್ಲ. ಅದಕ್ಕೆ ಅಪ್ಪನಿಗೆ, ನಾನು ಇವತ್ತು ಹೊರಗೆ, ಈಗಷ್ಟೇ ಗೊತ್ತಾಯಿತು ಎಂದೆ. ಮುಟ್ಟಿನ ಸುಳ್ಳು ಹೇಳಿ ಸಾವಿನ ಸೂತಕ ಮುಚ್ಚಿದವಳು ಈ ಊರಿನಲ್ಲಿ ನಾನೊಬ್ಬಳೇ ಇರಬೇಕು. ಫೋನ್ ಬರುವ ಮೊದಲು ಕಟ್ಟಿದ ಮಾಲೆಯನ್ನು ಮಾತ್ರ ತೆಗೆದುಕೊಳ್ಳಿ, ಉಳಿದದ್ದು ಬಿಡಿ ಎಂದು ಹೇಳುವಷ್ಟು ಮಡಿ ನನ್ನಲ್ಲಿ ಆಗಲೂ ಇತ್ತು. ಫೋನಿಗೂ ಮಾಲೆಗೂ ಎಂತ ಸಂಬಂಧ ಎಂದು ಅಪ್ಪ ಕೇಳಲಿಲ್ಲ. ಅವರು ಯಾವಾಗ ಕೇಳಿದ್ದಾರೆ.

ನೀನು ಕಾಫಿ ತಂದು ದೂರದಲ್ಲಿಟ್ಟೆ. ನನ್ನ ಕಣ್ಣು ನೋಡಿ ಎಂತ ಆಯಿತು ಎಂದೆ. ಹೊಟ್ಟೆನೋವು ಎಂದೆ. ನೀನು ಒಳಗೆ ಹೋಗಿ ಬಿಸಿನೀರಿನ ಚೀಲ ತುಂಬಿಸಿ ತಂದು, ಕಂಬದ ಹತ್ತಿರ ಇಟ್ಟು, ಅಲ್ಲಿಂದ ನನ್ನ ಕಡೆಗೆ ತಳ್ಳಿದೆ. ಸತ್ತ ತಾಯಿಗಾಗಿ ಅಳುವುದಕ್ಕೆ ನನಗೆ ಸಿಕ್ಕಿದ್ದು ಆ ಚೀಲ. ಅದನ್ನು ಹೊಟ್ಟೆಗೆ ಒತ್ತಿಕೊಂಡು ಎಷ್ಟು ಬೇಕೋ ಅಷ್ಟು ಅತ್ತೆ. ನೋವು ಜೋರು ಇರಬೇಕು ಎಂದು ನೀನು ತಿಳಿದುಕೊಂಡೆ.

ಹತ್ತೂವರೆಗೆ ನೀನು ಲ್ಯಾಪ್‌ಟಾಪ್ ಹಿಡಿದು ಚಾವಡಿಯಲ್ಲಿ ಕೂತೆ. ಒತ್ತುವ ಮೊದಲು ಅಜ್ಜಿಗೆ ಒಂದು ಫೋನ್ ಮಾಡುತ್ತೇನೆ, ಅವರು ಎಂತ ಹೇಳುತ್ತಾರೋ ಕೇಳುತ್ತೇನೆ ಎಂದೆ. ಆಗ ನಾನು ಹೇಳಿದ ಮಾತು ನಿನಗೆ ನೆನಪಿದೆ, ನನಗೂ ಇದೆ.

"ಅಜ್ಜಿ ಮಲಗಿದ್ದಾರೆ. ಎಬ್ಬಿಸಬೇಡ."

ಅಷ್ಟು ಸುಲಭದಲ್ಲಿ ಆ ಮಾತು ಹೇಗೆ ಬಂತೋ ನನಗೆ ಇವತ್ತಿಗೂ ತಿಳಿಯುವುದಿಲ್ಲ. ನೀನು ಫೋನ್ ಕೆಳಗಿಟ್ಟೆ. ಆಮೇಲೆ, ಕೇಳಿದರೆ ಬೀದರಿಗೆ ಹೋಗು ಎನ್ನುತ್ತಾರೆ, ಕೇಳದಿರುವುದೇ ಒಳ್ಳೆಯದು ಎಂದು ನಿನಗೆ ನೀನೇ ಹೇಳಿಕೊಂಡೆ.

ಅಮ್ಮ, ಒಟಿಪಿ ಬಂದಿದೆ ನೋಡು ಎಂದು ಚಾವಡಿಯಿಂದ ಕರೆದೆ. ನಂಬರು ನನ್ನದಲ್ಲವಾ ಕೊಟ್ಟದ್ದು. ಬೆಳಿಗ್ಗೆ ಆ ಸುದ್ದಿ ಬಂದ ಅದೇ ಫೋನಿಗೆ ಆರು ಅಂಕಿ ಬಂದಿತ್ತು. ನೀನು ಒತ್ತುವುದು ಒಂದೋ ನಾಲ್ಕೋ ಎಂದು ನಾನು ಕೇಳಲಿಲ್ಲ. ಕೇಳಬೇಕಾಗಿರಲಿಲ್ಲ, ನಿನ್ನ ಬೆನ್ನು ನೋಡಿದರೆ ಗೊತ್ತಾಗುತ್ತಿತ್ತು. ಇಲ್ಲದ ಅಜ್ಜಿಗಾಗಿ ನನ್ನ ಮಗಳು ಬೀದರ್ ಬಿಡುತ್ತಿದ್ದಾಳೆ ಎಂದು ಗೊತ್ತಿದ್ದೂ ಆರು ಅಂಕಿಗಳನ್ನು ಒಂದೊಂದಾಗಿ ಓದಿ ಹೇಳಿದೆ. ಮೂರನೆಯದು ನಿನಗೆ ಸರಿಯಾಗಿ ಕೇಳಲಿಲ್ಲ, ಪುನಃ ಹೇಳು ಎಂದೆ. ಪುನಃ ಹೇಳಿದೆ. ಆಗಲಾದರೂ ನಿಲ್ಲಿಸಬಹುದಿತ್ತು.

ಹನ್ನೆರಡು ಗಂಟೆ ಕಳೆದ ಮೇಲೆ, ಅಪ್ಪ ಮಹಾಪೂಜೆ ಮುಗಿಸಿ ಬಂದ ಮೇಲೆ, ಈಗಷ್ಟೇ ಫೋನ್ ಬಂತು ಎಂದು ನಿಮಗಿಬ್ಬರಿಗೂ ಹೇಳಿದೆ. ಬಸ್ಸಿನಲ್ಲಿ ಶಿರ್ವ ದಾಟಿ ಬೆಳ್ಮಣ್ ಬರುವವರೆಗೂ ನೀನು ನನ್ನ ಹೆಗಲ ಮೇಲೆ ತಲೆಯಿಟ್ಟಿದ್ದೆ. ನಾಲ್ಕು ಒತ್ತುವಾಗ ಅಜ್ಜಿ ಇದ್ದರಲ್ಲ ಅಮ್ಮ, ಅಷ್ಟು ಸಾಕು ಎಂದು ಹೇಳಿದೆ. ನಾನು ಕಿಟಕಿಯಿಂದ ಹೊರಗೆ ನೋಡುತ್ತಾ ಕೂತೆ. ಅಂಗಳಕ್ಕೆ ಕಾಲಿಡುವಾಗ ಪಕ್ಕದ ಮನೆಯ ತೆರೆಸಾ ಬಾಯಿ ನನ್ನ ಕೈ ಹಿಡಿದು, ಬೆಳಿಗ್ಗೆ ಏಳಕ್ಕೆ ಮೊದಲೇ ಹೇಳಿ ಕಳಿಸಿದ್ದು ಮಾರಾಯ್ತಿ, ಮಗಳು ಬಾರದೆ ಹೆಣ ತೆಗೆಯುವುದು ಹೇಗೆ ಎಂದು ಎಲ್ಲರೂ ಕಾಯ್ತಾ ಇದ್ದೇವೆ ಎಂದರು. ಪಾಪ, ಅವರಿಗೆ ಎಂತ ಗೊತ್ತು. ನೀನು ನನ್ನ ಮುಖವನ್ನು ಒಂದೇ ಸಲ ನೋಡಿದೆ. ಆ ಮೇಲೆ ಇವತ್ತಿನವರೆಗೆ ನೋಡಿಲ್ಲ.

ಅಜ್ಜಿಯ ಹದಿಮೂರು ಕಳೆದ ಮೇಲೆ ಅಪ್ಪ ಊಟಕ್ಕೆ ಕೂತಾಗ ಕೇಳಿದರು, ಕಾಲೇಜಿನ ಕೆಲಸಕ್ಕೆ ಸೂತಕ ಉಂಟೆಂದು ನಿನಗೆ ಯಾರು ಹೇಳಿದ್ದು, ನನ್ನನ್ನು ಒಂದು ಮಾತು ಕೇಳಬಹುದಿತ್ತಲ್ಲ ಎಂದು. ನಾನು ತಡೆಯುತ್ತಿರಲಿಲ್ಲ ಎಂದರು. ಇಪ್ಪತ್ತೆರಡು ವರ್ಷ ಸಂಸಾರ ಮಾಡಿದ ಮನುಷ್ಯ, ಅವರು ಏನು ಹೇಳುತ್ತಾರೆಂದು ನಾನೇ ತೀರ್ಮಾನಿಸಿಬಿಟ್ಟಿದ್ದೆ. ಅಂದರೆ ಪೂಜೆಯೊಂದನ್ನು ಬಿಟ್ಟು ನನ್ನ ಲೆಕ್ಕ ಪೂರ್ತಿ ತಪ್ಪು. ನನ್ನ ನೆಪವೂ ಅಲ್ಲಿಗೆ ಮುಗಿಯಿತು.

ಕಳೆದ ಸೋಮವಾರ ನಾನು ಒಬ್ಬಳೇ ಮಣಿಪಾಲಕ್ಕೆ ಹೋಗಿದ್ದೆ. ನಾಲ್ಕನ್ನು ಒಂದು ಮಾಡಲು ಆಗುತ್ತದಾ ಎಂದು ಎಡ್ವಿನನಲ್ಲಿ ಕೇಳಿದೆ. ಅವನು ಬೆಂಗಳೂರಿನ ಹೆಲ್ಪ್‌ಲೈನಿಗೆ ಮೂರು ಸಲ ಮಾಡಿದ. ಒಂದು ಒತ್ತಿ, ಎರಡು ಒತ್ತಿ ಎಂದು ಆ ಫೋನೂ ಹೇಳುತ್ತದೆ, ಮಗಾ. ಕೊನೆಗೆ ಸಿಕ್ಕಿದ ಹೆಂಗಸು ಒಳ್ಳೆಯ ಸ್ವರದಲ್ಲಿ, ಆ ಸೀಟು ಮುಂದಿನ ಸುತ್ತಿನಲ್ಲಿ ಬೇರೆಯವರಿಗೆ ಹೋಗಿದೆ ಎಂದಳಂತೆ. ಎಡ್ವಿನ್ ನನಗೆ ನೀರು ಕೊಟ್ಟು, ಇನ್ನು ಎಂತ ಮಾಡಲಿಕ್ಕೂ ಆಗುವುದಿಲ್ಲ ಅಮ್ಮ ಎಂದ. ಬರುವ ವರ್ಷ ಪುನಃ ಪರೀಕ್ಷೆ ಬರೆಯಬಹುದು ಎಂದೂ ಹೇಳಿದ. ಅದನ್ನು ನಿನಗೆ ಹೇಳಲು ನನಗೆ ಬಾಯಿಲ್ಲ. ಅವನು ಹೇಳಿದ್ದನ್ನು ಬರೆದಿದ್ದೇನೆ, ಅಷ್ಟೇ. ಬರುವಾಗ ಉಡುಪಿಯ ಬಸ್‌ಸ್ಟ್ಯಾಂಡಿನಲ್ಲಿ ಕಾರ್ಕಳದ ಬಸ್ಸಿನ ಎದುರು ಸುಮಾರು ಹೊತ್ತು ನಿಂತಿದ್ದೆ. ಹತ್ತಲು ಧೈರ್ಯ ಬರಲಿಲ್ಲ.

ಇನ್ನು ನೆಪ ಇಲ್ಲದೆ ಬರೆಯುತ್ತೇನೆ. ಆರು ನಲವತ್ತಕ್ಕೆ ಬಾಯಿ ಮುಚ್ಚಿದ್ದು ನಿನ್ನ ಸೀಟಿಗಾಗಿ, ಅದು ಸತ್ಯ. ಹತ್ತೂವರೆಗೆ ಮುಚ್ಚಿದ್ದು ಸೀಟಿಗಾಗಿ ಅಲ್ಲ. ಅಷ್ಟು ಹೊತ್ತಿಗೆ ನೀನು ಹೋಗುವುದಿಲ್ಲ ಎಂಬ ಆಸೆ ನನಗೆ ಬಂದಿತ್ತು. ಕಾರ್ಕಳ ಎಂದರೆ ಒಂದೂವರೆ ಗಂಟೆಯ ದಾರಿ, ಭಾನುವಾರ ಬರುತ್ತೀ, ಜಡೆ ಹಾಕಿಸಿಕೊಳ್ಳುತ್ತೀ, ಜಗಳ ಮಾಡುತ್ತೀ. ಬೀದರ್ ಎಂದರೆ ವರ್ಷಕ್ಕೆ ಎರಡು ಸಲ. ಈ ಮನೆಯಲ್ಲಿ ನನ್ನ ಜೊತೆ ಮಾತಾಡುವ ಜೀವ ನೀನೊಬ್ಬಳೇ. ತಾಯಿ ಹೋದ ದಿನವೇ ಮಗಳನ್ನೂ ಕಳುಹಿಸಿಕೊಡಲು ನನ್ನಿಂದ ಆಗಲಿಲ್ಲ. ಹತ್ತಿರ ಇರಲಿ ಎಂದು ಮಾಡಿದೆ. ಈಗ ನೀನು ಬೀದರಿಗಿಂತ ದೂರ ಇದ್ದೀ.

ಕ್ಷಮಿಸು ಎಂದು ಬರೆಯುವುದಿಲ್ಲ. ಬರೆದರೆ ನಿನಗೆ ಇನ್ನೊಂದು ಕೆಲಸ ಕೊಟ್ಟ ಹಾಗಾಗುತ್ತದೆ.

ಕೆಂಪಿ ಹಿಂಡಿ ತಿನ್ನುತ್ತಿಲ್ಲ ಎಂದು ಮಾವ ಹೇಳಿದ. ಅಜ್ಜಿಯ ಹಳೆಯ ಸೀರೆಯ ತುಂಡನ್ನು ಸೊಂಟಕ್ಕೆ ಸುತ್ತಿಕೊಂಡು ಹೋಗಿ ಕೊಡು, ತಿಂದೀತು. ಮಳೆಯ ಚಳಿಗೆ ತಲೆಗೆ ಸ್ನಾನ ಮಾಡಿ ಹಾಗೆಯೇ ಕಾಲೇಜಿಗೆ ಓಡಬೇಡ. ಫೋನ್ ಎತ್ತದಿದ್ದರೆ ಬೇಡ, ಒಂದು ಮಿಸ್ಡ್ ಕಾಲ್ ಕೊಡು, ಡಬ್ಬಿ ಸಿಕ್ಕಿತು ಎಂದು ತಿಳಿದುಕೊಳ್ಳುತ್ತೇನೆ.

ಇತಿ,
ನೀನು ಕರೆದರೂ ಕರೆಯದಿದ್ದರೂ
ನಿನ್ನ ಅಮ್ಮ
ಸುಭಾಷಿಣಿ

ಮತ್ತೆ: ಕಾಗದ ಮಡಚಿ ಡಬ್ಬಿಗೆ ಕಟ್ಟಿದ್ದೆ, ಪುನಃ ಬಿಚ್ಚಿದೆ. ಒಂದು ಉಳಿದಿದೆ. ಆ ಶುಕ್ರವಾರದ ಹಿಂದಿನ ದಿನ, ಇವತ್ತಿನ ಹಾಗೆ ಗುರುವಾರ, ದೀಪ ಹಚ್ಚುವ ಹೊತ್ತಿಗೆ ಅಜ್ಜಿ ನನಗೆ ಫೋನ್ ಮಾಡಿದ್ದರು. ನೀನು ಅಂಗಡಿಗೆ ಹೋಗಿದ್ದೆ. "ಮಗುವನ್ನು ಬೀದರಿಗೆ ಕಳುಹಿಸು. ನನ್ನ ಸೊಂಟದ ಹೆಸರಿನಲ್ಲಿ ಅವಳನ್ನು ಇಲ್ಲಿ ಕಟ್ಟಿಹಾಕಬೇಡ. ನಾಳೆ ಹತ್ತು ಗಂಟೆಗೆ ಅವಳಿಗೆ ನಾನೇ ಹೇಳುತ್ತೇನೆ" ಎಂದರು. ನೀನು ಬಂದ ಮೇಲೆ ನಾನು ಹೇಳಲಿಲ್ಲ, ನಾಳೆ ಅವರೇ ಹೇಳುತ್ತಾರಲ್ಲ ಎಂದು ಬಿಟ್ಟೆ. ಹತ್ತು ಗಂಟೆಗೆ ಅವರು ಇರಲಿಲ್ಲ. ನಾನು ಇದ್ದೆ.