ರೇಡಿಯೊಗೆ ಬದಲಾಗಿ

ಲೆಕ್ಕಾಧಿಕಾರಿ ಮೇಡಂ ಅವರಿಗೆ, ಅಣೆಕಟ್ಟೆಯ ಕಾವಲುಗಾರನ ನಮಸ್ಕಾರಗಳು.

ಕಾವಲು ಕೋಣೆಗೊಂದು ರೇಡಿಯೊ ಕೇಳಿದ್ದಕ್ಕೆ ತಾವು ಫೋನಿನಲ್ಲಿ, "ಸರ್ಕಾರದಲ್ಲಿ ಹೊಸ ಖರ್ಚು ಬೇಕಂದ್ರೆ ಅಷ್ಟೇ ಮೊತ್ತದ ಹಳೇ ಖರ್ಚು ಒಂದನ್ನ ಬಿಡಬೇಕು ನೋಡಿ" ಅಂದಿರಿ. ನ್ಯಾಯವೇ. ಕೋಣೆಯೆಲ್ಲ ತಡಕಾಡಿದೆ. ಟಾರ್ಚು ಬಿಟ್ಟರೆ ನೀರಿನ ಮಟ್ಟ ಕಾಣುವುದಿಲ್ಲ; ಪೊರಕೆ ಬಿಟ್ಟರೆ ಜೇಡಗಳು ನನ್ನನ್ನೇ ಹೊರಗೆ ಹಾಕುತ್ತವೆ.

ಆದ್ದರಿಂದ ರಜೆಯಲ್ಲಿ ಊರಿಗೆ ಹೋಗಿಬರಲು ಕೊಡುವ ಪ್ರಯಾಣ ಭತ್ಯೆಯನ್ನು ಕಡಿತ ಮಾಡಿ. ಅಕ್ಕ ತೀರಿಕೊಂಡಳು. ಇನ್ನು ಅಲ್ಲಿ ಬಾಗಿಲು ತೆಗೆದು "ಬಂದ್ಯೇನೋ" ಅನ್ನುವವರು ಯಾರೂ ಇಲ್ಲ.

ರೇಡಿಯೊ ಹಳೆಯದಾದರೂ ಸರಿ. ಹಾಡು ಬರದಿದ್ದರೂ ಪರವಾಗಿಲ್ಲ, ಯಾರಾದರೂ ಮಾತಾಡಿದರೆ ಸಾಕು.

ಮಂಜೂರಾತಿಯ ದಾರಿ ಕಾಯುತ್ತ,
ತಮ್ಮ ಅಣೆಕಟ್ಟೆ ಕಾವಲುಗಾರ