ಪಿಯಾನೊದಲ್ಲಿ ನಿನ್ನ ಹಾಡು

ಹೊನ್ನಾವರ, ೧೯೪೬

ಜಟ್ಟಣ್ಣ,

ನಿನ್ನ ಹಡಗು ಮುಳುಗಿತೆಂದು ಮುಂಬಯಿಯಿಂದ ತಂತಿ ಬಂದು ನಾಲ್ಕು ವರ್ಷವಾಯಿತು. ಇವತ್ತು ಮೀನು ಕೊಡಲು ಡಾಕ್ಟರರ ಮನೆಗೆ ಹೋಗಿದ್ದೆ. ಅವರ ಹೆಂಡತಿ ಕ್ಲಾರಾಬಾಯಿ ಪಿಯಾನೊ ನುಡಿಸುತ್ತಿದ್ದರು. ನೀನು ಇಟಲಿಯ ಬಂದರಿನಲ್ಲಿ ಕಲಿತು ಬಂದು, ಬಲೆ ಹೆಣೆಯುವಾಗ ಹಾಡುತ್ತಿದ್ದ ಅದೇ ಹಾಡು. ನಾನು ಬುಟ್ಟಿ ಇಳಿಸಿ ಮೆಟ್ಟಿಲ ಮೇಲೆ ಕುಳಿತುಬಿಟ್ಟೆ.

“ಇದೆಂತ ಹಾಡು, ಬಾಯಿ? ನನ್ನ ಅಣ್ಣ ಹಾಡ್ತಿದ್ದ.”

“ಇಟಲಿಯವರ ಹಾಡಿನ ನಾಟಕದ್ದು. ಹಾಡೋರಿಲ್ದೆ ಬರೀ ಪಿಯಾನೊದಲ್ಲಿ ನುಡಿಸ್ಲಿಕ್ಕೆ ಬರೆದದ್ದು. ನಿಂಗೆ ಇದರ ಮಾತು ಬತ್ತದಾ?”

ನನಗೆ ಅಕ್ಷರ ಕಲಿಸಿದ ನೀನು ಆ ಹಾಡನ್ನೂ ಕಲಿಸುತ್ತೇನೆ ಎನ್ನುತ್ತಿದ್ದೆ. ಕೇರಿಯವರು ನಗುತ್ತಾರೆಂದು ನಾನೇ ಕಿವಿ ಮುಚ್ಚಿಕೊಳ್ಳುತ್ತಿದ್ದೆ.

“ಇಲ್ಲ,” ಎಂದೆ.

ಅವರು ಮತ್ತೊಮ್ಮೆ ನುಡಿಸಿದರು. ನೀನು ಉಸಿರು ತೆಗೆದುಕೊಳ್ಳಲು ನಿಲ್ಲಿಸುತ್ತಿದ್ದ ಜಾಗದಲ್ಲಿ ಪಿಯಾನೊ ನಿಲ್ಲಲಿಲ್ಲ.

ನಿನ್ನ ತಂಗಿ
ಗಂಗಿ