ಈರನ ಎರಡನೇ ಟೆಸ್ಟ್

ಜೂನ್ 9, ಸೋಮವಾರ
ಹೊನ್ನಾವರ ಕ್ಲಿನಿಕ್. ಮೂರನೇ ಪೇಶೆಂಟ್ ಈರ, ಐವತ್ತಾರು, ದೋಣಿ ನಡೆಸುವವ. ಮಾರ್ಚಿನಲ್ಲಿ ಜಾರಿಬಿದ್ದು ತಲೆಗೆ ಪೆಟ್ಟು. ಆಗಸ್ಟಿನಲ್ಲಿ ಮೀನುಗಾರಿಕೆ ಶುರುವಾಗುವ ಮೊದಲು ದೋಣಿ ಮಾಲೀಕರಿಗೆ ರಿಪೋರ್ಟ್ ಬೇಕಂತೆ. ಇಂಗ್ಲಿಷ್ ಟೆಸ್ಟನ್ನೇ ಕನ್ನಡ ಮಾಡುತ್ತ ಕೇಳಿದೆ. ಘೇಂಡಾಮೃಗದ ಚಿತ್ರಕ್ಕೆ "ಎಮ್ಮೆ" ಎಂದ. ವಾಕ್ಯ ಬರೆಯಿರಿ ಎಂದರೆ ಪೆನ್ನು ಹಿಡಿದು ಕೂತ. ಮೂವತ್ತಕ್ಕೆ ಹನ್ನೆರಡು. "ಮರೆವಿನ ರೋಗದ ಶಂಕೆ" — ಸಹಿ ಹಾಕಿದೆ. ಊಟಕ್ಕೆ ತಡವಾಗಿತ್ತು.

ಜೂನ್ 12
ಈರನ ಹೆಂಡತಿ ನಾಗಿ ಬಂದಿದ್ದಳು. ಕೂರಲಿಲ್ಲ.
"ಡಾಕ್ಟ್ರಮ್ಮಾ, ನಮ್ಮವ್ರಿಗೆ ಮಳ್ಳು, ತಲೆ ಸಮ ಇಲ್ಲ ಅಂತ ಬರದ್ರಾ? ಅವ್ರು ಶಾಲೆ ಮೆಟ್ಲು ಹತ್ತಿದವ್ರಲ್ಲ. ಮನೇಲಿ ನಮ್ದು ಕೊಂಕಣಿ. ಆ ಪ್ರಾಣಿ ಎಂತದು ಅಂತ ನಂಗೂ ಗೊತ್ತಿಲ್ಲ. ನಂಗೂ ಮಳ್ಳಾ?"
ಈರನ ಫೈಲು ತೆಗೆದು ಆ ಹನ್ನೆರಡನ್ನು ಮತ್ತೆ ನೋಡಿದೆ.

ಜೂನ್ 13
ಕ್ಲಿನಿಕ್ಕಿನ ಹಿರಿಯರು, ಗುರುದತ್ತ ಡಾಕ್ಟರಿಗೆ ಹೇಳಿದೆ.
"ರಿಪೋರ್ಟ್ ಹೋಗಿ ಆತಲ್ಲ, ಬಿಡಿ."
"ವಾಪಸ್ ತರಿಸ್ಬೇಕು ಸರ್. ತಪ್ಪು ನಂದು."
ತರಿಸಿ ಎಂದರು.

ಜುಲೈ 7
ಮೂರು ವಾರ ನರ್ಸ್ ಸುಚಿತಾ ಜೊತೆ ಕೂತು ಕೊಂಕಣಿಯಲ್ಲಿ ಪ್ರಶ್ನೆ ತಯಾರಿಸಿದೆ. ಶಾಲೆ ಕಲಿಯದ, ಈರನ ವಯಸ್ಸಿನ ಹತ್ತು ಜನರಿಗೆ ಮೊದಲು ಕೇಳಿ ನೋಡಿದೆವು. ಇವತ್ತು ಈರನ ಸರದಿ. ಸುಚಿತಾ ಕೇಳಿದಳು. ಒಂದೇ ನಿಮಿಷಕ್ಕೆ ಇಪ್ಪತ್ತಾರು ಮೀನಿನ ಹೆಸರು! ಹೇಳಿದ ಕಥೆಯನ್ನು ಅರ್ಧ ತಾಸಿನ ಮೇಲೂ ಬಿಡದೆ ಒಪ್ಪಿಸಿದ. ಮರೆವು ಇಲ್ಲ.

ಕಡೆಯದು — ಹಾಳೆ ತುಂಬ ದೋಣಿ ಚಿತ್ರ, ಒಂದೊಂದು ದೋಣಿಯ ಮೇಲೂ ಗೆರೆ ಎಳೆಯಬೇಕು. ಬಲಗಡೆಯವಕ್ಕೆಲ್ಲ ಎಳೆದ. "ಆತು" ಎಂದು ನಕ್ಕ. ಎಡಗಡೆಯವು ಹಾಗೇ ಇದ್ದವು. ಮತ್ತೆ ಮಾಡಿಸಿದೆ. ಮತ್ತೆ ಹಾಗೇ.

ಇಲ್ಲದ ರೋಗ ಬರೆದಿದ್ದೆ. ಇದ್ದದ್ದು ನನಗೆ ಕಂಡೇ ಇರಲಿಲ್ಲ.

ಜುಲೈ 8
ಈರ, ನಾಗಿ ಇಬ್ಬರನ್ನೂ ಕೂರಿಸಿ ಹೇಳಿದೆ. "ನಿಮ್ಮ ನೆನಪು ಗಟ್ಟಿ ಇದೆ. ಮೊದಲ ರಿಪೋರ್ಟ್ ನನ್ನ ತಪ್ಪು." ನಾಗಿ ಸೆರಗಿನಲ್ಲಿ ಮುಖ ಒರೆಸಿಕೊಂಡಳು. ಆಮೇಲೆ ಎಡಗಡೆಯ ವಿಷಯ. ಪೆಟ್ಟಿನಿಂದ ಆ ಕಡೆ ಗಮನವೇ ಹೋಗುತ್ತಿಲ್ಲ ಎಂದೆ.
"ಹಾಂಗಾದ್ರೆ ದೋಣಿ?" ಈರ.
"ಈಗ ಬೇಡ. ಎಡಗಡೆಯಿಂದ ಬರೋ ದೋಣಿ ಕಾಣದೆ ಹೋದ್ರೆ? ಅಭ್ಯಾಸ ಮಾಡಿಸ್ತೇವೆ. ಮತ್ತೆ ನೋಡುವ."
ಈರ ತನ್ನ ಅಂಗೈ ತಿರುಗಿಸಿ ನೋಡಿಕೊಂಡ. "ಬಲೆ ಹೊಲೀಲಿಕ್ಕೆ ಅಡ್ಡಿಲ್ಲ ಅಲ್ದಾ?"
"ಅಡ್ಡಿಲ್ಲ."
ಮಾಲೀಕರಿಗೆ ಹೊಸ ರಿಪೋರ್ಟ್ ನಾನೇ ಒಯ್ದು ಕೊಟ್ಟೆ. ಕೆಲಸದಿಂದ ತೆಗೆಯುವುದಿಲ್ಲ ಎಂದರು.

ಆಗಸ್ಟ್ 4, ಬೆಳಿಗ್ಗೆ 11.20
ದೋಣಿಗಳೆಲ್ಲ ಹೋಗಿವೆ. ಈರ ಇಲ್ಲಿದ್ದಾನೆ, ಅಭ್ಯಾಸಕ್ಕೆ, ನಾಲ್ಕನೇ ಸಲ. ಸುಚಿತಾ ಮಾಡಿಸುತ್ತಿದ್ದಾಳೆ, ನಾನು ಪಕ್ಕದಲ್ಲೇ ಬರೆಯುತ್ತಿದ್ದೇನೆ. ಅದೇ ದೋಣಿ ಚಿತ್ರದ ಹಾಳೆ. ಬಲಗಡೆಯವನ್ನು ಮುಗಿಸಿ ಪೆನ್ನು ನಿಲ್ಲಿಸಿದ. ಯಾರೂ ಹೇಳಲಿಲ್ಲ — ತಾನೇ ಕುತ್ತಿಗೆ ಎಡಕ್ಕೆ ಹೊರಳಿಸಿದ. ಹುಡುಕುತ್ತಿದ್ದಾನೆ. ಒಂದು ದೋಣಿ ಸಿಕ್ಕಿತು, ಗೆರೆ ಎಳೆದ. ಇನ್ನೊಂದು. ಮತ್ತೆ —